ರೈಸ್ ಅವರ ಶಾಸನಸಂಗ್ರಹವೂ ದಾವಣಗೆರೆ–ಹರಿಹರ ಸೀಮೆಯೂ

ದಾಖಲೆಗಳನ್ನು ಕಾಪಾಡುವವರ ಕಾರ್ಯವು ಸಂಗ್ರಹದೊಡನೆ ಮುಗಿಯುವುದಿಲ್ಲ. ಬೇಕಾದವರಿಗೆ ಅವು ದೊರೆಯುವಂತೆ ಅಣಿಗೊಳಿಸುವುದೂ ಅವರ ಹೊಣೆ. ಈ ದೃಷ್ಟಿಯಿಂದ ಬಿ. ಎಲ್. ರೈಸ್ ಅವರ ಸೇವೆಯನ್ನು ನಾವು ಇಲ್ಲಿ ಪರಿಶೀಲಿಸುತ್ತೇವೆ.

1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ರೈಸ್ ಅವರು ಮೈಸೂರಿನ ವಿದ್ಯಾ ಇಲಾಖೆಯಲ್ಲಿ ದುಡಿದು, ಬಳಿಕ ಪ್ರಾಕ್ತನ ಸಂಶೋಧನೆಯ ನಿರ್ದೇಶಕರಾಗಿ 1906ರಲ್ಲಿ ನಿವೃತ್ತರಾದರು. 1886ರಲ್ಲಿ ಕೊಡಗಿನ ಶಾಸನಗಳೊಡನೆ ಆರಂಭವಾದ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು 9000 ಶಾಸನಗಳು ಬೆಳಕು ಕಂಡವು. ಜಿಲ್ಲೆ, ತಾಲ್ಲೂಕು, ಕ್ರಮಸಂಖ್ಯೆ — ಈ ಮೂರರಿಂದ ಯಾವ ಶಾಸನವನ್ನಾದರೂ ಗುರುತಿಸಬಹುದಾಯಿತು.

ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನೆಂಬುದಕ್ಕೆ ಅಲ್ಲಿಯ ಶಾಸನವೇ ಆಧಾರ. ಆದರೆ ರೈಸ್ ಅವರ ಸಂಪುಟಗಳಲ್ಲಿ ಹರಿಹರವೆಂಬ ತಾಲ್ಲೂಕನ್ನು ಅರಸಿದರೆ ಈ ಶಾಸನವು ಸಿಕ್ಕದು. 11ನೆಯದಾದ ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ, ದಾವಣಗೆರೆ ತಾಲ್ಲೂಕಿನ ಶಾಸನಗಳ ನಡುವೆ ಅದನ್ನು ನೋಡಬೇಕು. 1997ರಲ್ಲಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿದ ಹೊನ್ನಾಳಿ, ಚನ್ನಗಿರಿಗಳ ಶಾಸನಗಳಾದರೋ ಶಿವಮೊಗ್ಗ ಜಿಲ್ಲೆಯ 7ನೆಯ ಸಂಪುಟದಲ್ಲಿವೆ. ಇಂದಿನ ಜಿಲ್ಲೆಯ ಹೆಸರನ್ನೇ ನೆಚ್ಚಿ ಹುಡುಕುವ ವಿದ್ಯಾರ್ಥಿಗೆ ತನ್ನೂರಿನ ಇತಿಹಾಸವೇ ಕಾಣದೆ ಹೋಗಬಹುದು.

ಹಾಗೆಂದು ಹಳೆಯ ಸಂಖ್ಯೆಗಳನ್ನು ಕೈಬಿಡುವುದು ಸಲ್ಲದು. ನೂರು ವರ್ಷಗಳಿಗೂ ಮೇಲ್ಪಟ್ಟು ವಿದ್ವಾಂಸರು ಅವುಗಳನ್ನೇ ಉಲ್ಲೇಖಿಸಿದ್ದಾರೆ. ಅವು ಅಳಿದರೆ ಆ ಗ್ರಂಥಗಳ ಆಧಾರದ ಎಳೆಯೇ ಕಡಿಯುತ್ತದೆ. ಹಳೆಯ ಸಂಖ್ಯೆಯ ಪಕ್ಕದಲ್ಲಿ ಇಂದಿನ ಗ್ರಾಮ, ತಾಲ್ಲೂಕು, ಜಿಲ್ಲೆಗಳನ್ನು ತೋರಿಸುವ ತುಲನಾತ್ಮಕ ಸೂಚಿಯೇ ಇದಕ್ಕೆ ತಕ್ಕ ಮಾರ್ಗ. ಗಡಿಗಳು ಬದಲಾಗುತ್ತವೆ, ದಾಖಲೆಯ ಗುರುತು ಬದಲಾಗಬಾರದು.