ಊರ ಮಾರ್ಗಕ್ಕೆ ಹಣ ಬರುವ ದಾರಿ

ಮಳೆಗಾಲ ಕಳೆದೊಡನೆ ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಕೇಳಿಬರುವ ಮಾತು ಒಂದೇ: “ಸರಕಾರ ಮಾರ್ಗ ಸರಿಮಾಡುವುದಿಲ್ಲ.” ಇಲ್ಲಿ ಸರಕಾರವೆಂದರೆ ಯಾರು? ತಲಪಾಡಿಯಿಂದ ತೆಂಕಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಕೇಂದ್ರದ್ದು. ರಾಜ್ಯ ಹೆದ್ದಾರಿಗಳೂ ಮುಖ್ಯ ಜಿಲ್ಲಾ ರಸ್ತೆಗಳೂ ರಾಜ್ಯದ ಲೋಕೋಪಯೋಗಿ ಇಲಾಖೆಯವು. ಅವುಗಳಿಂದ ಕವಲೊಡೆದು, ಗುಡ್ಡೆ ಹತ್ತಿ, ತೋಡು ದಾಟಿ, ಅಡಿಕೆ ತೋಟಗಳ ನಡುವೆ ಮನೆಗಳತ್ತ ಬರುವ ಮಾರ್ಗಗಳು ಬಹುಮಟ್ಟಿಗೆ ಪಂಚಾಯತಿನವು. ಹೈಸ್ಕೂಲಿನ ಮಕ್ಕಳಲ್ಲಿ ಹೆಚ್ಚಿನವರು ದಿನವೂ ತುಳಿಯುವುದು ಈ ಕೊನೆಯ ಬಗೆಯ ಮಾರ್ಗವನ್ನೇ. ಪಂಚಾಯತಿನ ಸ್ವಂತ ತೆರಿಗೆಯ ಹಣ ಇವಕ್ಕೆ ಸಾಲದು. ಅದಕ್ಕಾಗಿಯೇ ಅನುದಾನ.

ಅನುದಾನ ಸಾಲವಲ್ಲ, ಹಿಂದಿರುಗಿಸಬೇಕಾಗಿಲ್ಲ. ಹಾಗೆಂದು ಯಾರೋ ಕೊಟ್ಟ ದಾನವೂ ಅಲ್ಲ. ವಾಹನ ಓಡಿಸುವವರಿಂದಲೇ ರಸ್ತೆಯ ಹಣ ಎತ್ತುವ ಕ್ರಮ ನಮ್ಮ ದೇಶದಲ್ಲಿ ಹಳೆಯದು. 1927ರಲ್ಲಿ ನೇಮಕವಾದ ಎಂ. ಆರ್. ಜಯಕರ್ ಅವರ ಸಮಿತಿಯ ಸಲಹೆಯಂತೆ ಪೆಟ್ರೋಲಿನ ಮೇಲೆ ಹೆಚ್ಚಿನ ಸುಂಕ ಹಾಕಿ, 1929ರಲ್ಲಿ ಕೇಂದ್ರ ರಸ್ತೆ ನಿಧಿಯನ್ನು ಸ್ಥಾಪಿಸಲಾಯಿತು. 2000ದಲ್ಲಿ ಬಂದ ಹೊಸ ಕಾಯಿದೆ ಡೀಸೆಲಿನ ಸೆಸ್ಸಿನಲ್ಲಿ ಅರ್ಧಭಾಗವನ್ನು ಹಳ್ಳಿಯ ರಸ್ತೆಗಳಿಗೆಂದು ತೆಗೆದಿಟ್ಟಿತು. ಬಸ್ಸಿನ ಟಿಕೇಟಿಗೆ ನಾವು ಕೊಡುವ ದುಡ್ಡಿನಲ್ಲಿಯೂ ಇದರ ಒಂದು ಪಾಲು ಅಡಗಿದೆಯಷ್ಟೆ.

ಅದೇ ವರ್ಷದ ಡಿಸೆಂಬರ್ 25ರಂದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಆರಂಭವಾಯಿತು. 2001ರ ಜನಗಣತಿಯಂತೆ ಬಯಲುಸೀಮೆಯಲ್ಲಿ 500, ಗುಡ್ಡಗಾಡು ಮತ್ತು ಮರುಭೂಮಿಯ ಸೀಮೆಗಳಲ್ಲಿ 250 ಜನರಿರುವ ಪ್ರತಿಯೊಂದು ವಸತಿಗೂ ಸರ್ವಋತು ರಸ್ತೆ ಮುಟ್ಟಬೇಕೆಂಬುದು ಅದರ ಗುರಿ. ಮೊದಲು ಪೂರ್ತಿ ವೆಚ್ಚ ಕೇಂದ್ರದ್ದಾಗಿತ್ತು. 2015-16ರಿಂದ ಕೇರಳದಂತಹ ರಾಜ್ಯಗಳಲ್ಲಿ ಕೇಂದ್ರಕ್ಕೆ 60, ರಾಜ್ಯಕ್ಕೆ 40 ಎಂಬ ಪಾಲಾಯಿತು. ಅಂದರೆ ಒಂದು ಕೋಟಿಯ ಮಾರ್ಗಕ್ಕೆ ರಾಜ್ಯ 40 ಲಕ್ಷ ರೂಪಾಯಿ ಹಾಕಬೇಕು. 2019ರಲ್ಲಿ ಒಪ್ಪಿಗೆ ಪಡೆದ ಮೂರನೆಯ ಹಂತದಲ್ಲಿ ಕೃಷಿ ಮಾರುಕಟ್ಟೆ, ಆಸ್ಪತ್ರೆ, ಹೈಯರ್ ಸೆಕೆಂಡರಿ ಶಾಲೆಗಳಿಗೆ ಹೋಗುವ ರಸ್ತೆಗಳಿಗೆ ಮಹತ್ವ ಕೊಡಲಾಯಿತು.

ಆದರೆ ಈ ಯೋಜನೆಯಲ್ಲಿ ಜಾಗ ಕೊಳ್ಳಲು ಕೇಂದ್ರದ ಹಣವಿಲ್ಲ. ಬಯಲುಸೀಮೆಯವರಿಗೆ ಇದು ಸಣ್ಣ ಮಾತಾಗಿ ತೋರಬಹುದು. ನಮ್ಮಲ್ಲಿ ಇದೇ ದೊಡ್ಡ ತೊಡಕು. ನಮ್ಮ ಮನೆಗಳು ಒಂದೇ ಕಡೆ ಗುಂಪಾಗಿಲ್ಲ. ಒಬ್ಬೊಬ್ಬರದು ಒಂದೊಂದು ಗುಡ್ಡೆ, ಒಂದೊಂದು ತೋಟ, ಸುತ್ತಲೂ ಮುರಕಲ್ಲಿನ ಪಾಗಾರ. ಡಾಮರಿನ ಭಾಗವೇ 3 ರಿಂದ 3.75 ಮೀಟರ್ ಅಗಲ. ಅದರ ಎರಡೂ ಬದಿಗೆ ಮಣ್ಣಿನ ಅಂಚು, ನೀರು ಹೋಗುವ ಕಣಿ ಬೇಕು. ಇಪ್ಪತ್ತು ಮನೆಯವರು ಜಾಗ ಬಿಟ್ಟು ಇಪ್ಪತ್ತೊಂದನೆಯವರು ಒಪ್ಪದಿದ್ದರೆ ಮಾರ್ಗ ಅಲ್ಲಿಯೇ ನಿಲ್ಲುತ್ತದೆ. ಹಾಗೆಂದು ಒಪ್ಪದವರನ್ನು ಬೈದು ಫಲವಿಲ್ಲ. ನಾಲ್ಕು ಸಾಲು ಅಡಿಕೆ ಮರವೇ ಬದುಕಾಗಿರುವ ಮನೆಗಳೂ ಇವೆ. ನಕ್ಷೆ ಸ್ಥಿರವಾಗುವ ಮುನ್ನ ಇಂಜಿನಿಯರರು ಪಂಚಾಯತಿನವರೊಡನೆಯೂ ಊರವರೊಡನೆಯೂ ಮಾರ್ಗದ ಉದ್ದಕ್ಕೂ ನಡೆದು ನೋಡಬೇಕೆಂಬ ನಿಯಮವಿದೆ. ಇಲ್ಲಿ ತಿರುವು ಸ್ವಲ್ಪ ಸರಿಯಲಿ, ಅಲ್ಲೊಂದು ಮೋರಿ ಬೇಕು ಎಂದು ಹೇಳಲು ಅದೇ ಸಮಯ. ಜೆಸಿಬಿ ಬಂದ ಮೇಲೆ ಹೇಳಿದರೆ ಜಗಳ ಮಾತ್ರ ಉಳಿಯುತ್ತದೆ.

ಮಾರ್ಗ ಮಾಡುವುದಕ್ಕಿಂತ ಅದನ್ನು ಉಳಿಸುವುದು ಕಷ್ಟ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಡಾಮರಿಗೆ ನೀರಿನಷ್ಟು ದೊಡ್ಡ ಶತ್ರು ಬೇರೆಯಿಲ್ಲ. ಕಣಿ ಮುಚ್ಚಿಹೋದರೆ ನೀರು ಮಾರ್ಗದ ಮೇಲೆಯೇ ಹರಿಯುತ್ತದೆ, ಸಂದಿನಲ್ಲಿ ಇಳಿದು ಅಡಿಯ ಜಲ್ಲಿಯನ್ನು ಸಡಿಲಿಸುತ್ತದೆ. ಮೇಲೆ ಲಾರಿ ಹೋದೊಡನೆ ಹೊಂಡ. ಗ್ರಾಮ ಸಡಕ್ ಯೋಜನೆಯಲ್ಲಿ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನೋಡಿಕೊಳ್ಳಬೇಕೆಂಬ ಕರಾರಿದೆ. ಅದರ ಹಣ ರಾಜ್ಯದ್ದು. ರಸ್ತೆಯ ಉದ್ದ, ವೆಚ್ಚ, ಮುಗಿದ ದಿನ, ಪಾಲನೆಯ ಅವಧಿ ಇವನ್ನೆಲ್ಲ ಬದಿಯ ಫಲಕದಲ್ಲಿ ಬರೆದಿರುತ್ತಾರೆ. ವಿದ್ಯಾರ್ಥಿಗಳು ಶಾಲೆಗೆ ಬರುವಾಗ ನಿಂತು ಓದಿ, ಆ ಐದು ವರ್ಷ ಎಂದು ಮುಗಿಯುತ್ತದೆಂದು ಲೆಕ್ಕ ಹಾಕಿ ಮನೆಯಲ್ಲಿ ತಿಳಿಸಬಹುದು.

ಉಳಿದ ಪಂಚಾಯತು ಮಾರ್ಗಗಳ ಗತಿಯೇನು? ಕೇರಳದಲ್ಲಿ 1996ರ ಜನಕೀಯ ಯೋಜನೆಯಿಂದೀಚೆಗೆ ರಾಜ್ಯದ ಯೋಜನಾ ಹಣದ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳಿಗೆ ಬರುತ್ತದೆ. ಅದಲ್ಲದೆ ರಸ್ತೆಗಳ ದುರಸ್ತಿಗೆಂದೇ ಬೇರೆ ಅನುದಾನವಿದೆ. ಯಾವ ಕೆಲಸ ಮೊದಲು ಆಗಬೇಕೆಂಬ ಚರ್ಚೆ ನಡೆಯುವುದು ವಾರ್ಡಿನ ಗ್ರಾಮಸಭೆಯಲ್ಲಿ. ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಹಾಜರಿದ್ದರೆ ಮಾತ್ರ ಕೋರಂ. ಭಾಷೆ ಸರಿಯಾಗಿ ಬರುವುದಿಲ್ಲವೆಂದು ನಮ್ಮಲ್ಲಿ ಕೆಲವರು ಹೋಗುವುದೇ ಇಲ್ಲ. ಹೊಂಡ ತೋರಿಸಲು ಎಷ್ಟು ಭಾಷೆ ಬೇಕು? ಹೆತ್ತವರು ಹೋಗಿ ಕನ್ನಡದಲ್ಲಿಯೇ ಹೇಳಲಿ.

ಹೋದಾಗ ಕೇಳಬೇಕಾದ ಇನ್ನೊಂದು ಮುಖ್ಯ ಪ್ರಶ್ನೆ, ನಮ್ಮ ಮಾರ್ಗ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇದೆಯೇ ಎಂಬುದು. ದುರಸ್ತಿಯ ಅನುದಾನ ಆ ಪುಸ್ತಕದಲ್ಲಿ ಸೇರಿದ ಮಾರ್ಗಗಳಿಗೆ ಮಾತ್ರ. ಊರವರೇ ಸೇರಿ ಕಡಿದು ಮಾಡಿದ ಎಷ್ಟೋ ಮಾರ್ಗಗಳಲ್ಲಿ ಜೀಪು, ಆಟೋ ವರ್ಷಗಳಿಂದ ಓಡುತ್ತಿದ್ದರೂ, ಜಾಗ ಬಿಟ್ಟುಕೊಟ್ಟ ಕಾಗದಪತ್ರ ಪಂಚಾಯತಿಗೆ ಸೇರದೆ ಇದ್ದರೆ ಅವು ಲೆಕ್ಕಕ್ಕೆ ಇನ್ನೂ ಖಾಸಗಿ ತೋಟದ ದಾರಿಗಳೇ.