ಬೀಗ ಹಾಕಿದ್ದೇನೋ ಸರಿ, ತಾತನ ದನಿ ಎಲ್ಲಿ?

ನಮ್ಮ ಮನೆಯ ಕೊಬ್ಬರಿ ಅಟ್ಟದ ಬೀಗದ ಕೈ ಸದಾ ತಾತನ ಉಡಿದಾರದಲ್ಲಿ ನೇತಾಡುತ್ತಿರುತ್ತದೆ. ತಿಪಟೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಟ್ಟರೆ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ವರ್ಷದ ದುಡಿಮೆಯೆಲ್ಲ ಅಲ್ಲಿರುವಾಗ ಬೀಗ ಬೇಡವೇ?

ಅಂಥ ಮನೆಯ ಮೊಮ್ಮಗ ನಾನು, ಫೋನಿನ ಬೀಗ ತೆಗೆದು ಎರಡು ತಿಂಗಳು ಓಡಾಡಿಕೊಂಡಿದ್ದೆ!

ಸೆಕೆಂಡ್ ಹ್ಯಾಂಡ್ ಪಿಕ್ಸೆಲ್ 6ಎ ಕೊಂಡಿದ್ದೆ. ಅದರಲ್ಲಿದ್ದ ಸಿಸ್ಟಮ್ ತೆಗೆದು ಗ್ರಾಫೀನ್‌ಒಎಸ್ ಹಾಕಬೇಕೆಂಬ ಹುಚ್ಚು ಹಿಡಿಯಿತು. ಫೋನ್ ಆನ್ ಮಾಡಿದೊಡನೆ ಮೊದಲು ಏಳುವ ಪುಟ್ಟ ತಂತ್ರಾಂಶವೇ ಬೂಟ್‌ಲೋಡರ್. ಆಪರೇಟಿಂಗ್ ಸಿಸ್ಟಮ್‌ನ ಡಿಜಿಟಲ್ ಸಹಿ ಸರಿಯಿದ್ದರೆ ಮಾತ್ರ ಅದು ಮುಂದಕ್ಕೆ ಬಿಡುತ್ತದೆ. ಬೇರೆ ಸಿಸ್ಟಮ್ ಹಾಕಲು ಮೊದಲು ಅದರ ಬೀಗ ತೆಗೆಯಬೇಕು. ಡೆವಲಪರ್ ಆಯ್ಕೆಗಳಲ್ಲಿ ‘ಒಇಎಂ ಅನ್‌ಲಾಕಿಂಗ್’ ಆನ್ ಮಾಡಿ, ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿ ಕೂತೆ. ಹೊಸ ಸಿಸ್ಟಮ್ ಬಂತು. ‘ಬೂಟ್‌ಲೋಡರ್ ಮತ್ತೆ ಲಾಕ್ ಮಾಡಿ’ ಎಂಬುದೊಂದು ಉಳಿದಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಚಾರ್ಜೂ ಮುಗಿಯಿತು. ‘ನಾಳೆ ಮಾಡಿದರಾಯ್ತು’ ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಫೋನ್ ಆನ್ ಮಾಡಿದಾಗಲೆಲ್ಲ ಕಿತ್ತಳೆ ಬಣ್ಣದ ಎಚ್ಚರಿಕೆ ಬರುತ್ತಿತ್ತು. ಒಂದು ಸಂಜೆ ತಾತ ಕೇಳಿದರು, ‘ಏನ್ಲಾ ಅದು, ದಿನಾ ಬಯ್ತದಲ್ಲ ನಿನ್ನ?’ ವಿವರಿಸಿದೆ. ‘ಅಂಗಂದ್ರೆ ಬಾಗ್ಲು ತೆಕ್ಕೊಂಡೇ ಮಲಗ್ತಿದೀಯ ಅನ್ನು’ ಎಂದು ನಕ್ಕರು.

ನಾಟಿತು. ಪಿನ್ ಇದ್ದರೇನು? ಫೋನ್ ಕೈಗೆ ಸಿಕ್ಕವರು ಸಿಸ್ಟಮ್‌ನೊಳಗೇ ಕಳ್ಳ ತಂತ್ರಾಂಶ ಸೇರಿಸಿದರೆ ತಡೆಯುವವರಿಲ್ಲ. ಆಮೇಲೆ ನಾನೇ ಪಿನ್ ಒತ್ತಿ ಎಲ್ಲವನ್ನೂ ಅದಕ್ಕೆ ಒಪ್ಪಿಸಿದಂತೆ!

ಆ ರಾತ್ರಿಯೇ ಕೇಬಲ್ ಹಾಕಿ ಲಾಕ್ ಆದೇಶ ಕೊಟ್ಟೆ. ಫೋನಿನ ತೆರೆ ಏನೋ ಎಚ್ಚರಿಸಿತು. ಓದದೆ ವಾಲ್ಯೂಮ್ ಗುಂಡಿಯಿಂದ ಆರಿಸಿ, ಪವರ್ ಗುಂಡಿ ಒತ್ತಿಬಿಟ್ಟೆ. ಫೋನ್ ಅಂಗಡಿಯಿಂದ ಬಂದ ದಿನದಂತೆ ಖಾಲಿಯಾಗಿ ಎದ್ದಿತು.

ಬೀಗ ತೆಗೆಯುವಾಗ ಎಲ್ಲ ಅಳಿಸಿಹೋಗುತ್ತದೆ ಎಂಬುದು ಗೊತ್ತಿತ್ತು. ಕದ್ದವನು ಬೀಗ ತೆಗೆದು ನಮ್ಮ ಮಾಹಿತಿ ಓದಬಾರದಲ್ಲ. ಹಾಕುವಾಗಲೂ ಅಳಿಸುತ್ತದೆ ಎಂಬುದು ಮರೆತಿತ್ತು. ಆ ಎರಡು ತಿಂಗಳಲ್ಲಿ ತಾತನ ಜತೆ ತೋಟ ಸುತ್ತುತ್ತಾ ಅವರ ಮಾತು ರೆಕಾರ್ಡ್ ಮಾಡಿದ್ದೆ. ಯಾವ ಮರ ಯಾರ ಮದುವೆ ವರ್ಷ ನೆಟ್ಟದ್ದು, ಯಾವುದರ ಬಿತ್ತನೆ ಕಾಯಿ ಚಿಕ್ಕನಾಯಕನಹಳ್ಳಿಯ ನೆಂಟರ ತೋಟದ್ದು, ಎಲ್ಲ ಅದರಲ್ಲಿತ್ತು. ಅಕ್ಕನಿಗೆ ವಾಟ್ಸ್‌ಆ್ಯಪ್ ಮಾಡಿದ್ದ ಎರಡು ಮಾತ್ರ ಉಳಿದವು. ಮೊದಲ ದಿನವೇ ಲಾಕ್ ಮಾಡಿದ್ದರೆ ಕಳೆದುಕೊಳ್ಳಲು ಏನೂ ಇರುತ್ತಿರಲಿಲ್ಲ.

ಗೆಳೆಯರೇ, ನನ್ನ ಕಥೆ ಕೇಳಿ ನಿಮ್ಮ ಫೋನಿಗೂ ಅವಸರದಲ್ಲಿ ಬೀಗ ಜಡಿಯಬೇಡಿ. ಪಿಕ್ಸೆಲ್ ಫೋನುಗಳು ಹೊಸ ಸಿಸ್ಟಮ್‌ನ ಕೀಯನ್ನೂ ಇಟ್ಟುಕೊಳ್ಳುತ್ತವೆ, ಹಾಗಾಗಿ ಮತ್ತೆ ಲಾಕ್ ಮಾಡಬಹುದು. ಎಷ್ಟೋ ಫೋನುಗಳು ತಯಾರಕರ ಸಹಿಯನ್ನಷ್ಟೇ ನಂಬುತ್ತವೆ. ಅವುಗಳಲ್ಲಿ ಬೇರೆ ಸಿಸ್ಟಮ್ ಇಟ್ಟು ಲಾಕ್ ಮಾಡಿದರೆ ಫೋನ್ ಏಳುವುದೇ ಇಲ್ಲ, ಇಟ್ಟಿಗೆಯಾಗುತ್ತದೆ. ಲಿನಿಯೇಜ್‌ಒಎಸ್ ತಯಾರಿಸುವವರೇ ಮರುಲಾಕ್ ಬೇಡ ಎನ್ನುತ್ತಾರೆ. ಲಾಕ್ ಆದ ಮೇಲೆ ಫೋನ್ ಸರಿಯಾಗಿ ಎದ್ದಿತೇ ನೋಡಿ, ಆಮೇಲಷ್ಟೇ ‘ಒಇಎಂ ಅನ್‌ಲಾಕಿಂಗ್’ ಆಫ್ ಮಾಡಿ. ಇಷ್ಟಾದರೂ ಕೆಲವು ಬ್ಯಾಂಕ್ ಆ್ಯಪ್‌ಗಳು ತಕರಾರು ತೆಗೆಯಬಹುದು.

ಈಗ ನನ್ನ ಫೋನ್ ಆನ್ ಮಾಡಿದರೆ ಹಳದಿ ಸೂಚನೆ ಬರುತ್ತದೆ: ಇಲ್ಲಿರುವುದು ಬೇರೆ ಸಿಸ್ಟಮ್, ಆದರೆ ಬೀಗ ಭದ್ರ.

ತಾತನಿಗೆ ಹೆದರುತ್ತಲೇ ವಿಷಯ ಹೇಳಿದೆ. ಬಯ್ಯಲಿಲ್ಲ. ‘ಅಟ್ಟಕ್ಕೆ ಬೀಗ ಹಾಕೋಕ್ ಮುಂಚೆ ಒಳಗೇನೈತೆ ಅಂತ ನೋಡ್ಕಾಬೇಕು ಕಣ್ಲಾ. ಹೋಗ್ಲಿ ಬಿಡು, ಮರ ಎಲ್ಲೂ ಹೋಗಿಲ್ವಲ್ಲ, ನಡಿ’ ಎಂದು ಟವೆಲ್ ಹೆಗಲಿಗೆ ಹಾಕಿಕೊಂಡರು. ಮತ್ತೆ ತೋಟ ಸುತ್ತಿದೆವು. ಮೂಲೆಯ ಮರದ ಹತ್ತಿರ ನಿಂತು, ಮೊದಲ ಸಲ ಹೇಳದೇ ಇದ್ದ ಅಜ್ಜಿಯ ಕಥೆಯೊಂದನ್ನು ಹೇಳಿದರು. ಮನೆಗೆ ಬಂದವನೇ ಚಪ್ಪಲಿ ಬಿಡುವ ಮುಂಚೆ ಅದನ್ನು ಅಕ್ಕನಿಗೆ ಕಳಿಸಿದೆ.