ನಡುವಿನ ನೆಲ: ಹೊಡೆದಾಟದ ವಿಡಿಯೊ ಗೇಮನ್ನು ಓದುವ ಬಗೆ

ಕಬಡ್ಡಿಯ ರೇಡರ್ ಮೂಲೆಯವನತ್ತ ಕಾಲು ಚಾಚುತ್ತಾನೆ. ಅಷ್ಟರಲ್ಲೇ ಮೂಲೆಯವನು ಒಂದು ಗೇಣು ಹಿಂದೆ ಸರಿದಿರುತ್ತಾನೆ. ಚಾಚಿದ ಬೆರಳಿಗೆ ಸಿಗುವುದು ಬರೀ ಗಾಳಿ. ಕಾಲು ವಾಪಸಾಗುವ ಮೊದಲೇ ಕಣಕಾಲು ಎದುರಾಳಿಯ ಕೈಗೆ ಸಿಕ್ಕಿರುತ್ತದೆ. ಕಕ್ಕೇರಾದಲ್ಲಾಗಲಿ, ಸುರಪುರ ಸೀಮೆಯ ಬೇರೆ ಯಾವ ಊರಲ್ಲಾಗಲಿ, ಸುಣ್ಣದ ಗೆರೆಯ ಪಕ್ಕ ಕುಂತು ಇದನ್ನು ನೋಡಿದವರಿಗೆ ಈ ಅಧ್ಯಾಯದ ಅರ್ಧ ಪಾಠ ಆಗಲೇ ಬಂದಿದೆ. ಅದೇ ಗೇಣಿನ ಲೆಕ್ಕವನ್ನು ಪರದೆಯ ಮೇಲೆ ಓದುವುದು ಉಳಿದರ್ಧ.

ಮೊದಲು ನಾಲ್ಕು ಮಾತು. ಹೊಡೆದಾಟದ ಗೇಮಿನಲ್ಲಿ ಇಬ್ಬರು ಎದುರುಬದುರು ನಿಲ್ಲುತ್ತಾರೆ. ಇಬ್ಬರಿಗೂ ಒಂದೊಂದು ಜೀವಪಟ್ಟಿ. ಅದು ಬರಿದಾದವರು ಆ ಸುತ್ತು ಸೋತಂತೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ತಂದ ಸ್ಟ್ರೀಟ್ ಫೈಟರ್ 2 ಈ ಆಟವನ್ನು ಲೋಕಕ್ಕೆಲ್ಲ ಹರಡಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಆಟವಾಗಿತ್ತು. ಭಾರತದ ಪುರುಷರೂ ಮಹಿಳೆಯರೂ ಕಬಡ್ಡಿ ಚಿನ್ನ ಗೆದ್ದದ್ದು ಅದೇ ಕೂಟದಲ್ಲಿ! ಇಂಥ ಗೇಮುಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಚಿತ್ರಗಳಂತೆ ಓಡುತ್ತವೆ. ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಪ್ರತಿ ಹೊಡೆತಕ್ಕೂ ಮೂರು ಹೊತ್ತು: ಏಳುವ ಹೊತ್ತು, ತಾಗುವ ಹೊತ್ತು, ಮರಳುವ ಹೊತ್ತು. ಮುಂದಿನದೆಲ್ಲ ಈ ಮೂರರ ಮೇಲೆ ನಿಂತಿದೆ.

ಹೊಸಬರು ಎಡವುವ ಜಾಗ ನನಗೆ ಚೆನ್ನಾಗಿ ಗೊತ್ತು. ‘ಬೆರಳು ಚುರುಕಿದ್ದವನೇ ಗೆಲ್ಲುತ್ತಾನೆ’ ಎಂದು ಅವರು ನಂಬಿರುತ್ತಾರೆ. ಪಂದ್ಯ ನೋಡುವಾಗ ಅವರ ಕಣ್ಣು ಕೈಕಾಲುಗಳ ಮೇಲಿರುತ್ತದೆ, ಇಬ್ಬರ ನಡುವಿನ ಖಾಲಿ ನೆಲದ ಮೇಲೆ ಇರುವುದಿಲ್ಲ. ಆಟ ನಡೆಯುವುದು ಆ ಖಾಲಿ ನೆಲದಲ್ಲೇ.

ಒಂದು ಲೆಕ್ಕ ಹಾಕೋಣ. ಒಂದು ಒದೆ ಏಳಲು 6 ಫ್ರೇಮ್, ತಾಗಲು 3, ಮರಳಲು 18 ಎಂದಿಟ್ಟುಕೊಳ್ಳಿ. ಒಟ್ಟು 27, ಅಂದರೆ ಅರ್ಧ ಸೆಕೆಂಡಿಗೂ ಕಡಿಮೆ. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಸುಮಾರು ಕಾಲು ಸೆಕೆಂಡು, ಅಂದರೆ 15 ಫ್ರೇಮ್ ಬೇಕು. ನೀವು ಒದೆಗೆ ಎಟಕುವಷ್ಟು ಹತ್ತಿರ ನಿಂತಿದ್ದರೆ ಅದು 6 ಫ್ರೇಮಿಗೇ ಬಂದು ಬಡಿಯುತ್ತದೆ. ನೋಡಿ ತಪ್ಪಿಸಿಕೊಳ್ಳುವುದು ಯಾರಿಂದಲೂ ಆಗದು. ಈಗ ಒಂದು ಗೇಣು ಹಿಂದೆ ನಿಲ್ಲಿ. ಒದೆ ಗಾಳಿಗೆ ಹೋಗುತ್ತದೆ. 15ನೇ ಫ್ರೇಮಿಗೆ ನಿಮ್ಮ ಬೆರಳು ಎಚ್ಚೆತ್ತಾಗ ಎದುರಾಳಿಯ ಕಾಲು ಇನ್ನೂ ಮರಳುವ ದಾರಿಯಲ್ಲಿದೆ, ಅವನಿಗೆ ಇನ್ನೂ 12 ಫ್ರೇಮ್ ಬಾಕಿ. ನಿಮ್ಮ ಒದೆಗೆ ಬೇಕಾದದ್ದು 6. ಅವನು ಕಾಪು ಹಿಡಿಯುವ ಮೊದಲೇ ತಾಗುತ್ತದೆ! ಆಟಗಾರರು ಇದನ್ನು ವಿಫ್ ಪನಿಷ್ ಎನ್ನುತ್ತಾರೆ. ಹುಸಿ ಹೋದ ಹೊಡೆತಕ್ಕೆ ದಂಡ. ಅವನ ಒದೆಯೂ ಬದಲಾಗಲಿಲ್ಲ, ನಿಮ್ಮ ಬೆರಳಿನ ಚುರುಕೂ ಬದಲಾಗಲಿಲ್ಲ. ಬದಲಾದದ್ದು ಒಂದು ಗೇಣು ನೆಲ. ಆ ನೆಲ ನಿಮಗೆ ಹೊತ್ತು ಕೊಟ್ಟಿತು.

ಇಲ್ಲಿ ಇನ್ನೊಂದು ಸೊಗಸಿದೆ. ಈ ಗೇಮುಗಳಲ್ಲಿ ಚಾಚಿದ ಕಾಲೂ ಸಾಮಾನ್ಯವಾಗಿ ಹೊಡೆತ ತಿನ್ನುವ ಮೈಯೇ. ಹಾಗಾಗಿ ನೀವು ಅವನ ಎದೆಯವರೆಗೆ ಹೋಗಬೇಕಿಲ್ಲ, ಮುಂದೆ ಬಂದ ಕಾಲಿಗೆ ಹೊಡೆದರೆ ಸಾಕು. ಕಬಡ್ಡಿಯ ಮೂಲೆಯವನು ರೇಡರ್‌ನ ಸೊಂಟ ಬಿಟ್ಟು ಕಣಕಾಲಿಗೆ ಕೈ ಹಾಕುವುದೂ ಇದೇ ಬುದ್ಧಿಯಿಂದ.

ಹಾಗಾದರೆ ಹಿಂದೆ ಸರಿಯುತ್ತಲೇ ಇದ್ದರಾಯಿತಲ್ಲ? ಆಗದು. ಬೆನ್ನ ಹಿಂದಿನ ನೆಲ ಕೈಯಲ್ಲಿರುವ ರೊಕ್ಕವಿದ್ದಂತೆ, ಹಿಂದಿಟ್ಟ ಪ್ರತಿ ಹೆಜ್ಜೆಯೂ ಖರ್ಚು. ಪುರುಷರ ಕಬಡ್ಡಿ ಅಂಕಣದಲ್ಲಿ ನಡುಗೆರೆಯಿಂದ ಕೊನೆಗೆರೆಗೆ 6.5 ಮೀಟರ್, ಹಿಡಿಯುವವರು ಅದರಾಚೆ ಕಾಲಿಟ್ಟರೆ ಔಟ್. ಗೇಮಿನ ಮೂಲೆಗೆ ಸಿಕ್ಕವರು ಔಟಾಗುವುದಿಲ್ಲ, ಆದರೆ ಹುಸಿ ಮಾಡಿಸುವ ಆ ಒಂದು ಗೇಣು ಅವರ ಬಳಿ ಇರುವುದಿಲ್ಲ. ಜೀವಪಟ್ಟಿ ತುಂಬಿದ್ದರೂ ಅವರು ಬಡವರೇ. ಆದ್ದರಿಂದ ಹಿಂದೆ ಸರಿದವನನ್ನು ಹೇಡಿ ಎನ್ನಬೇಡಿ, ಮುನ್ನುಗ್ಗಿದವನನ್ನು ಶೂರ ಎಂದೂ ಹೊಗಳಬೇಡಿ. ಯಾರು ಎಷ್ಟು ನೆಲ ಕೊಟ್ಟು ಏನು ಕೊಂಡರು ಎಂದು ಕೇಳಿ.

ಹಿಂದೆ ಸರಿಯುವ ದಾರಿಯೇ ಇಲ್ಲದಾಗ ಏನು ಮಾಡುವುದು? 2004ರಲ್ಲಿ ಅಮೆರಿಕದ ಎವೊ ಪಂದ್ಯಾವಳಿಯಲ್ಲಿ ಜಪಾನಿನ ದಾಯಿಗೊ ಉಮೆಹಾರ ಮತ್ತು ಅಮೆರಿಕದ ಜಸ್ಟಿನ್ ವಾಂಗ್ ಸ್ಟ್ರೀಟ್ ಫೈಟರ್ 3ರಲ್ಲಿ ಎದುರಾದರು. ದಾಯಿಗೊ ಬಳಿ ಉಳಿದಿದ್ದ ಜೀವ ಒಂದು ಎಳೆಯಷ್ಟು. ಹಿಂದಕ್ಕೆ ಒತ್ತಿದರೆ ಕಾಪು. ಆದರೆ ವಿಶೇಷ ಹೊಡೆತ ಕಾಪಿನ ಮೇಲೆ ಬಿದ್ದರೂ ಚೂರು ಜೀವ ಕೀಳುತ್ತದೆ, ಆ ಚೂರೇ ಸಾಕಿತ್ತು. ವಾಂಗ್ ಅಂಥದೇ ವಿಶೇಷ ಹೊಡೆತದಲ್ಲಿ ಹದಿನೈದು ಒದೆಗಳ ಮಳೆ ಸುರಿಸಿದರು. ದಾಯಿಗೊ ಪ್ರತಿ ಒದೆಗೂ ಸರಿಯಾದ ಕ್ಷಣದಲ್ಲಿ ಮುಂದಕ್ಕೆ ಒತ್ತಿ, ಹದಿನೈದನ್ನೂ ತಟ್ಟಿಹಾಕಿ, ತಿರುಗಿ ಹೊಡೆದು ಗೆದ್ದರು. ಆ ಆಟದಲ್ಲಿ ಇಂಥ ಒದೆಯನ್ನು ತಟ್ಟಿಹಾಕಲು ಒತ್ತಬೇಕಾದದ್ದು ಎದುರಾಳಿಯ ದಿಕ್ಕಿಗೆ. ನಾನು ಇದನ್ನು ಎಷ್ಟು ಸಲ ವಿವರಿಸಿದರೂ ಮೈ ಜುಮ್ಮೆನ್ನುತ್ತದೆ. ಎಲ್ಲರೂ ಬೆರಳಿನ ವೇಗವನ್ನು ಹೊಗಳುತ್ತಾರೆ. ಮೊದಲ ಒದೆಗೆ ಬೇಕಾಗಿದ್ದದ್ದು ಮಾತ್ರ ಮುಂಗಾಣ್ಕೆ. ನೋಡಿ ಒತ್ತುವಷ್ಟು ಹೊತ್ತು ಅಲ್ಲಿರಲಿಲ್ಲ.

ಓದುವ ಬಗೆ ಸರಳ. ಪಂದ್ಯದ ವಿಡಿಯೊವನ್ನು ನಿಧಾನಗತಿಯಲ್ಲಿ ಹಾಕಿ. ಪ್ರತಿ ಹೊಡೆತಕ್ಕೆ ಮೊದಲು ನಿಲ್ಲಿಸಿ ಮೂರು ಅಳತೆ ಬರೆದುಕೊಳ್ಳಿ: ಇಬ್ಬರ ನಡುವೆ ಎಷ್ಟು ನೆಲ, ಎಡಗಡೆಯವರ ಬೆನ್ನಿಗೆ ಎಷ್ಟು, ಬಲಗಡೆಯವರ ಬೆನ್ನಿಗೆ ಎಷ್ಟು. ಅಳತೆಗೆ ಆಟಗಾರರ ಒಂದು ಒದೆಯ ಉದ್ದವನ್ನೇ ಕೋಲಾಗಿ ಹಿಡಿಯಿರಿ. ಕೊನೆಗೆ ಆ ಹೊಡೆತ ತಾಗಿತೋ, ಹುಸಿ ಹೋಯಿತೋ ಬರೆಯಿರಿ. ಒಂದು ಪಂದ್ಯ ಮುಗಿಯುವಷ್ಟರಲ್ಲಿ ಸೋತವರು ಎಲ್ಲಿ ಸೋತರು ಎಂದು ಪುಟವೇ ಹೇಳುತ್ತದೆ.

ಓದುಗರಲ್ಲಿ, ಅದರಲ್ಲೂ ಊರಿನ ಹುಡುಗ ಹುಡುಗಿಯರಲ್ಲಿ, ಒಂದು ಬೇಡಿಕೆ. ಇದೇ ಪುಟವನ್ನು ಕಬಡ್ಡಿಗೂ ತೆರೆಯಿರಿ. ಶಾಲೆಯ ಮಾಳಿಗೆಯ ಮೇಲಿಂದ ಮೊಬೈಲಿನಲ್ಲಿ ಒಂದು ಪಂದ್ಯ ಹಿಡಿಯಿರಿ. ಬಾಕ್ ಲೈನ್ (ರೇಡರ್ ದಾಟಲೇಬೇಕಾದ ಗೆರೆ) ದಾಟುವಾಗ ರೇಡರ್ ಎಲ್ಲಿದ್ದ, ಮೂಲೆಯವರು ಎಲ್ಲಿದ್ದರು, ಗುರುತು ಹಾಕಿ. ಅಂಕಣದ ಪಕ್ಕ ಕುಂತ ಹಿರಿಯರನ್ನು ಕೇಳಿ, ಅವರು ಬಳಸುವ ಮಾತುಗಳನ್ನು ಬರೆದಿಟ್ಟುಕೊಳ್ಳಿ. ವಿಫ್ ಪನಿಷ್‌ಗೆ ಒಳ್ಳೆಯ ಕನ್ನಡ ಮಾತು ಅವರ ಬಾಯಲ್ಲೇ ಸಿಕ್ಕೀತು. ನಡುವಿನ ನೆಲವನ್ನು ನೋಡಲು ಕಲಿತ ಕಣ್ಣಿಗೆ ಪರದೆಯೂ ಬಯಲೂ ಒಂದೇ ಪಾಠ ಹೇಳುತ್ತವೆ. ಇವತ್ತೇ ಒಂದು ಪುಟ ಶುರುಮಾಡಿ.